ನಾರ್ನಿಯಾ ಏಳೂ ಪುಸ್ತಕ ಮನೆಮಂದಿಯೆಲ್ಲಾ ಸೇರಿ ಓದಿದ್ವಿ, ಬಾಕ್ಸ್ ಮೇಲಿರೋ ನಂಬರ್ ಮಾತ್ರ ನಂಬ್ಬೇಡಿ

ಬಾಕ್ಸ್ ಸೆಟ್ ಮನೆಗೆ ಬಂದ ದಿನಾನೇ ಜಗಳ ಶುರುವಾಯ್ತು. ಏಳು ಪುಸ್ತಕ, ಬೆನ್ನಿನ ಮೇಲೆ 1ರಿಂದ 7ರ ತನಕ ನಂಬರ್. ಮಗ, ಎಂಟು ವರ್ಷ, 1 ಅಂತ ಇರೋದನ್ನ ಎಳ್ಕೊಂಡು ಸೋಫಾ ಮೇಲೆ ಕೂತ. ನಾನು ಬಂದು ಅದನ್ನ ಅವನ ಕೈಯಿಂದ ತಗೊಂಡು ವಾಪಸ್ ಇಟ್ಟು 2 ಅಂತ ಇರೋದನ್ನ ಎತ್ಕೊಂಡೆ. "ಅಮ್ಮಾ, ನಿಂಗೆ ಎಣ್ಸೋಕೆ ಬರಲ್ವಾ" ಅಂದ.

ಬರತ್ತೆ ಕಂದಾ. ಆದ್ರೆ ಆ ನಂಬರ್ ಹಾಕಿದವ್ರ ಲೆಕ್ಕಾನೇ ಬೇರೆ. ಸಿ. ಎಸ್. ಲೂಯಿಸ್ ಮೊದ್ಲು ಬರೆದಿದ್ದು, 1950ರಲ್ಲಿ ಬಂದಿದ್ದು 'ದಿ ಲಯನ್, ದಿ ವಿಚ್ ಅಂಡ್ ದಿ ವಾರ್ಡ್‌ರೋಬ್'. ಪೀಟರ್, ಸೂಸನ್, ಎಡ್ಮಂಡ್, ಲೂಸಿ ಅಂತ ನಾಲ್ಕು ಜನ ಅಣ್ಣ ತಂಗಿಯರು ಒಂದು ಬೀರು ಮೂಲಕ ನಾರ್ನಿಯಾ ಅನ್ನೋ ಮಾಯಾಲೋಕಕ್ಕೆ ಹೋಗೋ ಕಥೆ ಅದು. ಆಮೇಲೆ ವರ್ಷಕ್ಕೊಂದರ ಹಾಗೆ 1956ರ ತನಕ ಏಳು. ಬಾಕ್ಸಲ್ಲಿ ನಂಬರ್ 1 ಅಂತ ಇರೋ 'ದಿ ಮೆಜಿಶಿಯನ್ಸ್ ನೆಫ್ಯೂ' ನಿಜವಾಗ್ಲೂ ಬಂದಿದ್ದು 1955ರಲ್ಲಿ, ಅಂದ್ರೆ ಆರನೇದು. ಅದ್ರಲ್ಲಿ ನಾರ್ನಿಯಾ ಹುಟ್ಟಿದ ಕಥೆ ಇದೆ, ಹಾಗಾಗಿ ಕಥೆಯೊಳಗಿನ ಕಾಲದ ಪ್ರಕಾರ ಅದೇ ಮೊದ್ಲು ಬರ್ಬೇಕು ಅಂತ 1994ರಿಂದ ಈ ಹೊಸ ನಂಬರಿಂಗ್ ಬಂದಿದೆ, ಈಗ ಎಲ್ಲಿ ತಗೊಂಡ್ರೂ ಹೆಚ್ಚಾಗಿ ಇದೇ ಸಿಗೋದು, ಏಳೂ ಸೇರ್ಸಿ ಒಂದೇ ದಪ್ಪ ಸಂಪುಟ ಮಾಡಿರೋದ್ರಲ್ಲೂ ಇದೇ ಆರ್ಡರ್. ನಾನು ಹೇಳೋದು, ಮಕ್ಕಳ ಜೊತೆ ಮೊದಲ್ನೇ ಸಲ ಓದ್ತಿದ್ರೆ ದಯವಿಟ್ಟು ಇದನ್ನ ಫಾಲೋ ಮಾಡ್ಬೇಡಿ. ಈ ರಿವ್ಯೂ ಬರೀತಿರೋದೇ ಅದಕ್ಕೆ. ಮುಂದೆ ಅಲ್ಲಲ್ಲಿ ಕಥೆ ಬಿಟ್ಟುಕೊಡ್ತೀನಿ, ಬೇಡ ಅನ್ನೋರು ಇಲ್ಲೇ ನಿಲ್ಸಿ.

ಏಳನೇ ಕ್ಲಾಸಿನ ಮಗಳು ಎಲ್ಲಿಂದ್ಲೋ ಹುಡುಕ್ಕೊಂಡು ಬಂದ್ಲು, 1957ರಲ್ಲಿ ಅಮೆರಿಕದ ಒಬ್ಬ ಹುಡುಗ ಲೂಯಿಸ್‌ಗೆ ಪತ್ರ ಬರ್ದಿದ್ನಂತೆ, ನಾನು ಕಥೆಯ ಕಾಲದ ಪ್ರಕಾರ ಓದ್ಬೇಕು ಅಂತೀನಿ, ನಮ್ಮಮ್ಮ ಪುಸ್ತಕ ಬಂದ ಕ್ರಮದಲ್ಲೇ ಓದ್ಬೇಕು ಅಂತಾಳೆ, ಯಾವ್ದು ಸರಿ ಅಂತ. ಲೂಯಿಸ್ ಏನು ಬರೆದ್ರು ಗೊತ್ತಾ, ನಂಗೆ ನಿನ್ನ ಮಾತೇ ಜಾಸ್ತಿ ಒಪ್ಪಿಗೆ ಅಂತ! ನಮ್ಮನೆ ಜಗಳ ಅರವತ್ತು ಎಪ್ಪತ್ತು ವರ್ಷ ಮುಂಚೇನೇ ಇನ್ಯಾರ್ದೋ ಮನೇಲಿ ಆಗಿ ತೀರ್ಪೂ ಆಗ್ಹೋಗಿದೆ, ಅಮ್ಮ ಸೋತಿದಾಳೆ. ಮಗ ಕುಣಿದಾಡಿದ. ಆದ್ರೆ ಮಗಳು ಪೂರ್ತಿ ಓದಿದ್ಲು, ಅದೇ ಪತ್ರದಲ್ಲಿ ಲೂಯಿಸ್ ಇದನ್ನೂ ಹೇಳಿದಾರೆ, ಮೊದಲ್ನೇದು ಬರೆಯುವಾಗ ಎರಡನೇದು ಬರೀತೀನಿ ಅಂತಾನೇ ಗೊತ್ತಿರ್ಲಿಲ್ಲ, ಮೂರು ಮುಗಿಸಿದಾಗ ಇದೇ ಕೊನೆ ಅಂದ್ಕೊಂಡಿದ್ದೆ, ಹಾಗಾಗಿ ಯಾವ ಕ್ರಮದಲ್ಲಿ ಓದಿದ್ರೂ ಅಷ್ಟೇನೂ ವ್ಯತ್ಯಾಸ ಆಗ್ಲಿಕ್ಕಿಲ್ಲ ಅಂತ. ಅದನ್ನೇ ಹಿಡ್ಕೊಂಡೆ ನಾನು. ವ್ಯತ್ಯಾಸ ಆಗಲ್ಲ ಅಂದ್ಮೇಲೆ ಅಮ್ಮ ಹೇಳಿದ ಕ್ರಮ, ಮುಗೀತು.

ನನ್ನ ವಾದಕ್ಕೆ ಸಾಕ್ಷಿ ಪುಸ್ತಕದಲ್ಲೇ ಇದೆ ಕಣ್ರೀ. 'ಲಯನ್'ನಲ್ಲಿ ಬೀವರ್ ಅನ್ನೋ ಮಾತಾಡೋ ಪ್ರಾಣಿ ಮೊದಲ ಸಲ ಆಸ್ಲಾನ್ ಹೆಸರು ಹೇಳಿದಾಗ ನಿರೂಪಕರು ಏನಂತಾರೆ ಅಂದ್ರೆ, ಆಸ್ಲಾನ್ ಯಾರು ಅಂತ ಆ ಮಕ್ಕಳಿಗೂ ಗೊತ್ತಿಲ್ಲ, ಓದ್ತಿರೋ ನಿಮ್ಗೂ ಗೊತ್ತಿಲ್ಲ ಅಂತ. ಬಾಕ್ಸ್ ನಂಬರ್ ಪ್ರಕಾರ ಹೋದ್ರೆ ಆಗ್ಲೇ ಗೊತ್ತಿರತ್ತಲ್ಲ, ಹಿಂದಿನ ಪುಸ್ತಕದಲ್ಲಿ ಆ ಸಿಂಹ ಹಾಡಿ ಹಾಡಿ ಲೋಕವನ್ನೇ ಸೃಷ್ಟಿ ಮಾಡಿಬಿಟ್ಟಿರತ್ತಲ್ಲ! ಆ ಹೆಸರು ಕೇಳಿದ ಕೂಡ್ಲೇ ಒಬ್ಬೊಬ್ಬರಿಗೂ ಒಳಗೆ ಏನೇನೋ ಆಗೋ ಜಾಗ ಅದು, ಅಲ್ಲಿ ನಾನು ಬೇಕಂತ್ಲೇ ಓದೋದು ನಿಲ್ಲಿಸಿದೆ. ಮಗ "ಯಾರಮ್ಮ ಅದು, ರಾಜಾನಾ, ಮಂತ್ರವಾದೀನಾ" ಅಂತ ಕೇಳಿದ. ನಾಳೆ, ಅಂದೆ. ಆವತ್ತು ರಾತ್ರಿ ಲೈಟ್ ಆಫ್ ಮಾಡಿದ್ಮೇಲೂ ರೂಮಿಂದ ಪಿಸಪಿಸ ಕೇಳಿಸ್ತಿತ್ತು, ಅಕ್ಕ ತಮ್ಮ ಇಬ್ರೂ ಆಸ್ಲಾನ್ ಯಾರಿರ್ಬೋದು ಅಂತ ಬೆಟ್ ಕಟ್ತಿದ್ರು.

ಓದೋ ರೀತಿ ಹೇಳ್ಬಿಡ್ತೀನಿ. ರಾತ್ರಿ ಒಂದು ಅಧ್ಯಾಯ, ಜೋರಾಗಿ. ಏಳು ಪುಸ್ತಕ ಸೇರಿ ಒಟ್ಟು 110 ಅಧ್ಯಾಯ ಆಗತ್ತೆ (ಮಗ ಎಣಿಸಿದ್ದು, ನಾನೂ ಚೆಕ್ ಮಾಡ್ದೆ, ಯಾಕಂದ್ರೆ ನಂಗೂ ಎಣ್ಸೋಕೆ ಬರತ್ತೆ), ಒಂದೊಂದೂ ಹದಿನೈದಿಪ್ಪತ್ತು ನಿಮಿಷ. ದಿನಾ ಓದಿದ್ರೆ ನಾಲ್ಕು ತಿಂಗಳೊಳಗೆ ಮುಗೀಬೇಕು, ನಮ್ಗೆ ಏಳು ತಿಂಗಳಾಯ್ತು, ಪರೀಕ್ಷೆ, ಜ್ವರ, ಮಧ್ಯೆ ಒಂದಿನ ಎಲ್ರೂ ಎಲ್ರ ಮೇಲೂ ಮುನಿಸ್ಕೊಂಡಿದ್ದು. ಪುಸ್ತಕ ಇಂಗ್ಲಿಷಲ್ಲಿ, ನಮ್ಮತ್ತೆಗೆ ಇಂಗ್ಲಿಷ್ ಅಷ್ಟಾಗಿ ಬರಲ್ಲ, ಹಾಗಾಗಿ ನಾನು ಒಂದು ಪ್ಯಾರಾ ಓದೋದು, ಆಮೇಲೆ ಅದನ್ನೇ ಕನ್ನಡದಲ್ಲಿ ಹೇಳೋದು. ಮೊದ್ಲು ಇದು ತೊಂದ್ರೆ ಅನ್ನಿಸ್ತು, ಆಮೇಲೆ ಇದೇ ಮಜಾ ಆಯ್ತು, ಯಾಕಂದ್ರೆ ನಾನು ಏನಾದ್ರೂ ಬಿಟ್ರೆ ಮಕ್ಕಳು ಹಿಡೀತಿದ್ರು, "ಅಜ್ಜಿ, ಅಮ್ಮ ಒಂದು ಲೈನ್ ಹಾರಿಸಿದ್ಲು" ಅಂತ. ಮಿಸ್ಟರ್ ಟಮ್ನಸ್ ಇದಾನಲ್ಲ, ಸೊಂಟದಿಂದ ಕೆಳಗೆ ಮೇಕೆ, ಮೇಲೆ ಮನುಷ್ಯ, ಅವನಿಗೆ ಕನ್ನಡದಲ್ಲಿ ಏನಂತ ಹೇಳೋದು ಅಂತ ನಾನು ತಡವರಿಸ್ತಿದ್ದಾಗ ಅತ್ತೆ "ಆ ಕೊಡೆಯವನು" ಅಂದ್ಬಿಟ್ರು, ಹಿಮದಲ್ಲಿ ಕೊಡೆ ಹಿಡ್ಕೊಂಡು ಬರ್ತಾನಲ್ಲ, ಅದಕ್ಕೆ. ಆಮೇಲೆ ನಂಗೆ ಗೊತ್ತಾಗಿದ್ದು, ಲೂಯಿಸ್‌ಗೆ ಇಡೀ ಕಥೆ ಶುರುವಾಗಿದ್ದೇ ಆ ಚಿತ್ರದಿಂದ, ಹದಿನಾರು ವರ್ಷದವ್ರಿದ್ದಾಗಿಂದ ತಲೇಲಿತ್ತಂತೆ, ಹಿಮದ ಕಾಡಲ್ಲಿ ಕೊಡೆ ಮತ್ತೆ ಪಾರ್ಸೆಲ್ ಹಿಡ್ಕೊಂಡ ಮೇಕೆಕಾಲಿನವನು, ನಲವತ್ತರ ಹತ್ರ ಬಂದಾಗ ಇದ್ರ ಮೇಲೆ ಒಂದು ಕಥೆ ಬರ್ಯೋಣ ಅಂತ ಕೂತ್ರಂತೆ. ಅತ್ತೆಗೆ ಹೇಳ್ದೆ. "ನೋಡಿದ್ಯಾ" ಅಂದ್ರು ಅಷ್ಟೇ, ತಾವೇ ಕಂಡುಹಿಡಿದ ಹಾಗೆ.

ಈ ಪುಸ್ತಕಗಳು ಕಣ್ಣಿಗಿಂತ ಕಿವಿಗೇ ಬರೆದಂಗಿವೆ. ನಿರೂಪಕರು ಮಧ್ಯೆ ಮಧ್ಯೆ ಬಂದು ಮಾತಾಡಿಸ್ತಾರೆ, ಮನೇಲಿರೋ ದೊಡ್ಡಪ್ಪನೋ ಯಾರೋ ಕಥೆ ಹೇಳ್ತಿರೋ ಹಾಗೆ. ಬೀರು ಒಳಗೆ ಹೋಗಿ ಬಾಗ್ಲು ಹಾಕ್ಕೊಳ್ಳೋದು ದಡ್ಡತನ ಅಂತ ಎಷ್ಟು ಸಲ ಹೇಳ್ತಾರೆ ಅಂದ್ರೆ, ನಾನು ಓದೋಕೆ ಮುಂಚೇನೇ ಮಗ ಹೇಳಿಬಿಡ್ತಿದ್ದ. ಆದ್ರೂ ಮೂರನೇ ದಿನ ನಮ್ಮ ಬೀರುವಿನ ಸೀರೆಗಳ ಹಿಂದೆ ಸಿಕ್ಕಿದ, ಬಾಗ್ಲು ಒಂಚೂರು ತೆರ್ದಿಟ್ಟಿದ್ದ ಪುಣ್ಯಕ್ಕೆ. ಪಾಲಿನ್ ಬೇನ್ಸ್ ಬರೆದ ಚಿತ್ರಗಳಿರೋ ಆವೃತ್ತಿನೇ ತಗೊಳ್ಳಿ, ಸಣ್ಣ ಸಣ್ಣ ಗೆರೆ ಚಿತ್ರ, ಓದ್ತಾ ಓದ್ತಾ ಪುಸ್ತಕ ತಿರುಗಿಸಿ ತೋರ್ಸೋಕೆ ಚೆನ್ನಾಗಿರತ್ತೆ.

ಎಡ್ಮಂಡ್ ಟರ್ಕಿಶ್ ಡಿಲೈಟ್ ಆಸೆಗೆ ಅಣ್ಣ ಅಕ್ಕ ತಂಗಿ ಮೂವರನ್ನೂ ಮಾಟಗಾತಿಗೆ ಒಪ್ಪಿಸೋಕೆ ಹೊರಡ್ತಾನಲ್ಲ, ಅದು ಮಗನಿಗೆ ಅರ್ಥಾನೇ ಆಗ್ಲಿಲ್ಲ. ಒಂದು ಸ್ವೀಟಿಗಾ? ಅಂದ. ಆಗ ನಮ್ಮೆಜಮಾನ್ರು ಹೇಳಿದ್ರು, ಆ ಪುಸ್ತಕ ಬಂದಾಗ ಬ್ರಿಟನ್ನಿನಲ್ಲಿ ಯುದ್ಧ ಮುಗಿದು ಐದು ವರ್ಷ ಆಗಿದ್ರೂ ಸಿಹಿತಿಂಡಿಗೆ ಇನ್ನೂ ರೇಷನ್ ಇತ್ತು, 1953ರಲ್ಲಿ ತೆಗೆದಿದ್ದು, ಅಲ್ಲಿ ತನಕ ಬೇಕಾದಷ್ಟು ತಿನ್ನೋ ಹಾಗಿರ್ಲಿಲ್ಲ ಅಂತ. ಮಗ ಸ್ವಲ್ಪ ಹೊತ್ತು ಸುಮ್ನಿದ್ದು "ಹಾಗಾದ್ರೆ ಪಾಪ" ಅಂದ. ಆ ಮಕ್ಕಳು ಬೀರು ಇರೋ ಆ ಮನೆಗೆ ಬಂದಿರೋದೇ ಲಂಡನ್ ಮೇಲೆ ಬಾಂಬ್ ಬೀಳತ್ತೆ ಅಂತ, ಲೂಯಿಸ್ ಮನೇಲೂ ಹಾಗೆ ಬಂದ ಮಕ್ಕಳಿದ್ರು.

ಎರಡನೇದು 'ಪ್ರಿನ್ಸ್ ಕ್ಯಾಸ್ಪಿಯನ್' ಬಗ್ಗೆ ಸುಳ್ಳು ಹೇಳಲ್ಲ, ಸ್ವಲ್ಪ ಬೋರು. ಒಬ್ಬ ಕುಳ್ಳ ಕೂತ್ಕೊಂಡು ಹಿಂದಿನ ಕಥೆ ಹೇಳ್ತಾನೆ ಹೇಳ್ತಾನೆ ಹೇಳ್ತಾನೆ, ಪೀಟರ್ ಲೂಸಿ ಎಲ್ಲಾ ಅಧ್ಯಾಯಗಟ್ಟಲೆ ನಾಪತ್ತೆ. ಇಲ್ಲಿ ಒಂದು ವರ್ಷ ಆಗೋದ್ರಲ್ಲಿ ಅಲ್ಲಿ ನೂರಾರು ವರ್ಷ ಕಳೆದುಹೋಗಿ ತಾವೇ ಆಳಿದ ಅರಮನೆ ಪಾಳು ಬಿದ್ದಿರೋದನ್ನ ಮಕ್ಕಳು ಗುರುತು ಹಿಡಿಯೋ ಶುರುವಿನ ಭಾಗ ಮಾತ್ರ ಮೈ ಜುಮ್ ಅನ್ಸತ್ತೆ. ಇಲ್ಲಿ ಕೈಬಿಡ್ಬೇಡಿ, ದಾಟಿಬಿಡಿ, ಬೇಕಾದ್ರೆ ಆಡಿಯೋ ಹಾಕಿ. ಏಳಕ್ಕೂ ಏಳು ಜನ ಬೇರೆ ಬೇರೆ ನಟರು ಓದಿರೋ ಸೆಟ್ ಇದೆ, 'ಕ್ಯಾಸ್ಪಿಯನ್' ಓದಿರೋದು ಲಿನ್ ರೆಡ್‌ಗ್ರೇವ್, ಕೊನೇದು ಪ್ಯಾಟ್ರಿಕ್ ಸ್ಟೀವರ್ಟ್. ಕಾರಲ್ಲಿ ಹೋಗೋವಾಗ ಎರಡು ಮೂರು ಅಧ್ಯಾಯ ಹಾಗೆ ಮುಗಿಸಿದ್ವಿ. ಬಂದ್ಮೇಲೆ ಮಗಳು "ಅಮ್ಮ, ಅವ್ರು ನಿನ್ಗಿಂತ ಚೆನ್ನಾಗಿ ಓದ್ತಾರೆ, ಆದ್ರೆ ನಾಳೆ ಅಂದ್ರೆ ನಿಲ್ಸಲ್ಲ" ಅಂದ್ಲು. ಹೊಗಳಿದ್ಲೋ ತೆಗಳಿದ್ಲೋ ಗೊತ್ತಾಗ್ಲಿಲ್ಲ.

'ದಿ ವಾಯೇಜ್ ಆಫ್ ದಿ ಡಾನ್ ಟ್ರೆಡರ್' ನಮ್ಮನೇಲಿ ಸೂಪರ್ ಹಿಟ್. ಗೋಡೆ ಮೇಲಿನ ಹಡಗಿನ ಚಿತ್ರದೊಳಗೇ ಎಳ್ಕೊಂಡು ಹೋಗತ್ತೆ, ಆಮೇಲೆ ದ್ವೀಪ ದ್ವೀಪ ದ್ವೀಪ, ಒಂದು ರಾತ್ರಿಗೆ ಒಂದು ಸಾಹಸ, ಮಲಗೋ ಹೊತ್ತಿನ ಓದಿಗೆ ಹೇಳಿ ಮಾಡಿಸಿದ ಹಾಗೆ. ಯೂಸ್ಟೇಸ್ ಅಂತ ಒಬ್ಬ ಸಿಡುಕ ಬರ್ತಾನೆ, ಡ್ರ್ಯಾಗನ್ನಿನ ನಿಧಿ ಮೇಲೆ ದುರಾಸೆ ಪಡ್ತಾ ಮಲಗಿ ಏಳೋವಾಗ ತಾನೇ ಡ್ರ್ಯಾಗನ್ ಆಗಿರ್ತಾನೆ. ಅವನ ಡೈರಿ ಭಾಗಾನ ಮಗಳು ಓದಿದ್ಲು, ಮೂಗು ಮೇಲೆತ್ತಿ, ಎಷ್ಟು ಚೆನ್ನಾಗಿ ಅಂದ್ರೆ ಎರಡು ದಿನ ಮನೇಲೂ ಹಾಗೇ ಮಾತಾಡಿದ್ಲು. ಆಮೇಲೆ ಡಫಲ್‌ಪಡ್‌ಗಳು, ಒಂಟಿ ಕಾಲಿನ ಪೆದ್ದುಗಳು, ಊಟ ಆದ್ಮೇಲೆ ಟೈಮ್ ಉಳೀಲಿ ಅಂತ ಊಟಕ್ಕೆ ಮುಂಚೇನೇ ಪಾತ್ರೆ ತೊಳೆದಿಡ್ತಾರೆ, ಬೇಯಿಸೋ ಕೆಲ್ಸ ತಪ್ಪಲಿ ಅಂತ ಬೇಯಿಸಿದ ಆಲೂಗಡ್ಡೇನೇ ನೆಡ್ತಾರೆ. ನಮ್ಮೆಜಮಾನ್ರು ಅವತ್ತಿಂದ ಇವತ್ತಿನ ತನಕ ಪಾತ್ರೆ ತೊಳೆಯೋ ವಿಷ್ಯ ಬಂದಾಗೆಲ್ಲಾ ಇದನ್ನ ಎತ್ತಾರೆ. ತೊಳೆಯಲ್ಲ, ಎತ್ತಾರೆ ಅಷ್ಟೇ.

'ದಿ ಸಿಲ್ವರ್ ಚೇರ್'ನಲ್ಲಿ ಪಡ್ಲ್‌ಗ್ಲಮ್ ಅಂತ ಕಪ್ಪೆಕಾಲಿನ ಒಬ್ಬ ಮಹಾನುಭಾವ. ಏನೇ ಆದ್ರೂ ಕೆಟ್ಟದ್ದೇ ಆಗತ್ತೆ ಅಂತ ಹೇಳೋನು, ಇವತ್ತು ಮಳೆ ಬರತ್ತೆ, ಬರ್ದಿದ್ರೆ ಹಿಮ ಬೀಳತ್ತೆ, ಊಟಕ್ಕೆ ಏನೂ ಸಿಗಲ್ಲ, ಸಿಕ್ಕಿದ್ರೂ ಅರಗಲ್ಲ, ಆ ಥರ. ನಮ್ಮೆಜಮಾನ್ರಿಗೆ ಬಿಟ್ಟಿದ್ದ ಪಾತ್ರ ಅದು. ಅತ್ತೆ ನಕ್ಕೂ ನಕ್ಕೂ ಕಣ್ಣೊರಸ್ಕೊಂಡು "ಥೇಟ್ ನಿಮ್ಮಾವನವ್ರು ಕಣೇ" ಅಂದ್ರು ನನ್ ಹತ್ರ. ಅದೇ ಪಡ್ಲ್‌ಗ್ಲಮ್ ಕೊನೆಗೆ ಮಾಟಗಾತಿ ಎಲ್ರಿಗೂ ಮಂಕುಬೂದಿ ಎರಚಿ ಸೂರ್ಯ ಇಲ್ಲ, ನಾರ್ನಿಯಾ ಇಲ್ಲ, ಎಲ್ಲಾ ಕನಸು ಅಂತ ನಂಬಿಸ್ತಿರೋವಾಗ ಬರಿಗಾಲಲ್ಲಿ ಬೆಂಕಿ ತುಳಿದು ಆರಿಸ್ತಾನೆ. ಅಲ್ಲಿ ತನಕ ನಗ್ತಿದ್ದೋರೆಲ್ಲಾ ಗಪ್‌ಚುಪ್. ಅತ್ತೆ ಏನೂ ಅನ್ಲಿಲ್ಲ, ಎದ್ದು ಒಳಗೆ ಹೋದ್ರು, ಮಾವ ತೀರ್ಕೊಂಡು ಮೂರು ವರ್ಷ ಆಗಿತ್ತು ಆಗ.

'ದಿ ಹಾರ್ಸ್ ಅಂಡ್ ಹಿಸ್ ಬಾಯ್' ಬಗ್ಗೆ ಒಂದು ಮಾತು ಹೇಳ್ಲೇಬೇಕು. ಕಥೆ ಓಡತ್ತೆ, ಮಾತಾಡೋ ಕುದುರೆ ಬ್ರೀ ಜಂಬದ ಕೋಳಿ, ಅರಾವಿಸ್ ಅಂತ ಗಟ್ಟಿಗಿತ್ತಿ ಹುಡುಗಿ. ಆದ್ರೆ ಕಲೋರ್ಮೆನ್ ಅಂತ ದಕ್ಷಿಣದ ಸಾಮ್ರಾಜ್ಯದೋರು ಬರ್ತಾರೆ, ಕಪ್ಪು ಮೈಬಣ್ಣ, ಪೇಟ, ಬಾಗಿದ ಕತ್ತಿ, ಕ್ರೂರಿಗಳು. "ಕೆಟ್ಟೋರೆಲ್ಲಾ ಯಾಕಮ್ಮ ಕಪ್ಪಗಿದಾರೆ" ಅಂತ ಮಗ ಕೇಳ್ದ. ಪುಸ್ತಕ ಮುಚ್ಚಿದೆ. ಬರೆದವ್ರು ಎಂಥ ಜಾಣರಾದ್ರೂ ತಮ್ಮ ಕಾಲದ ಕನ್ನಡಕ ಹಾಕ್ಕೊಂಡೇ ನೋಡ್ತಾರೆ, ಇಲ್ಲಿ ತಪ್ಪಾಗಿ ನೋಡಿದಾರೆ ಅಂದೆ. ಮಗಳು ಮಧ್ಯೆ ಬಾಯಿ ಹಾಕಿ "ಅರಾವಿಸೂ ಕಲೋರ್ಮೆನ್ನೇ ಅಲ್ವಾ, ಅವ್ಳೇ ಹೀರೋಯಿನ್" ಅಂದ್ಲು. ಹೌದು, ಕೊನೇ ಪುಸ್ತಕದಲ್ಲೂ ಎಮೆತ್ ಅಂತ ಒಬ್ಬ ಒಳ್ಳೆ ಕಲೋರ್ಮೆನ್ ಸೈನಿಕ ಬರ್ತಾನೆ, ಆದ್ರೂ ಒಬ್ರಿಬ್ರನ್ನ ಒಳ್ಳೇವ್ರು ಮಾಡಿದ್ರೆ ಮಿಕ್ಕಿದ್ದು ಸರಿಹೋಗತ್ತಾ? ಇದನ್ನ ಹಾರಿಸಿ ಓದ್ಬೋದಿತ್ತು ಅನ್ಕೊಂಡೆ, ಆದ್ರೆ ಮಗ ಕೇಳಿದ್ದೇ ಒಳ್ಳೇದಾಯ್ತು. ನೀವೂ ಓದೋ ಮುಂಚೆ ಉತ್ತರ ರೆಡಿ ಮಾಡ್ಕೊಂಡಿರಿ.

ಈಗ ಬನ್ನಿ, ಆ ವಿವಾದದ ನಂಬರ್ ಒನ್ನಿಗೆ. ಆರನೇದಾಗಿ ಓದಿದ್ವಿ. ಹಸೀ ನಾರ್ನಿಯಾ, ಏನು ಬಿದ್ರೂ ಮೊಳಕೆ ಒಡೆಯೋ ಮಣ್ಣು, ಮಾಟಗಾತಿ ಲಂಡನ್ನಿನ ದೀಪದ ಕಂಬದಿಂದ ಕಿತ್ಕೊಂಡ ಕಬ್ಬಿಣದ ತುಂಡನ್ನ ಸಿಂಹದ ಮೇಲೆ ಎಸೀತಾಳೆ, ಅದು ಬಿದ್ದ ಜಾಗದಲ್ಲಿ ಸಣ್ಣದಾಗಿ ಏನೋ ಮೇಲೆ ಬರ್ತಿದೆ ಅಂತ ಓದ್ತಿದ್ದೆ. ಮಗ ಹಾಸಿಗೆ ಮೇಲೆ ಎದ್ದು ನಿಂತ್ಕೊಂಡ. "ಅಮ್ಮಾ ಅದು ಆ ದೀಪ! ಲೂಸಿ ನೋಡಿದ ದೀಪ! ಕಾಡಿನ ಮಧ್ಯ ಇರೋದು!" ಅಂತ ಕಿರುಚ್ದ. ಏಳು ತಿಂಗಳಲ್ಲಿ ನಾನು ಕಾಯ್ತಿದ್ದಿದ್ದು ಈ ಒಂದು ಕ್ಷಣಕ್ಕೆ ಕಣ್ರೀ. ಮೊದಲ್ನೇ ದಿನವೇ ಕೇಳಿದ್ದ, ಕಾಡಲ್ಲಿ ಯಾರು ಲೈಟ್ ಕಂಬ ಹಾಕ್ಸಿದ್ದು, ವೈರ್ ಎಲ್ಲಿಂದ ಬಂತು ಅಂತ. ಉತ್ತರ ಐದು ಪುಸ್ತಕ ಆದ್ಮೇಲೆ ತಾನೇ ಕಂಡುಹಿಡ್ದ. ನಂಬರ್ ಪ್ರಕಾರ ಓದಿದ್ರೆ ಆ ಪ್ರಶ್ನೆ ಹುಟ್ಟೋಕೆ ಮುಂಚೇನೇ ಉತ್ತರ ಬಂದುಬಿಡ್ತಿತ್ತು. ಬೀರು ಎಲ್ಲಿಂದ ಬಂತು ಅನ್ನೋದೂ ಇದ್ರ ಕೊನೇಲೇ ಇರೋದು, ಅದನ್ನ ನಾನು ಹೇಳಲ್ಲ.

ಇದೇ ಪುಸ್ತಕದಲ್ಲಿ ಡಿಗೊರಿ ಅನ್ನೋ ಹುಡುಗನ ತಾಯಿ ಸಾಯೋ ಸ್ಥಿತೀಲಿರ್ತಾಳೆ. ಅವ್ನು ನಾರ್ನಿಯಾದಿಂದ ತಂದ ಹಣ್ಣು ತಿಂದು ಹುಷಾರಾಗ್ತಾಳೆ. ಲೂಯಿಸ್ ಒಂಬತ್ತು ವರ್ಷದ ಹುಡುಗ ಆಗಿದ್ದಾಗ, 1908ರಲ್ಲಿ, ಅವ್ರ ತಾಯಿ ಕ್ಯಾನ್ಸರಿಂದ ತೀರ್ಕೊಂಡ್ರು. ಇದು ನಂಗೆ ಮುಂಚೇನೇ ಗೊತ್ತಿತ್ತು, ಮಕ್ಕಳಿಗೆ ಹೇಳಿರ್ಲಿಲ್ಲ. ಹಣ್ಣು ಹೆಚ್ಚಿ ತುಂಡು ತುಂಡಾಗಿ ಅಮ್ಮನಿಗೆ ತಿನ್ನಿಸೋ ಸಾಲು ಬಂದಾಗ ಗಂಟ್ಲು ಕಟ್ಕೊಂಡ್ಬಿಡ್ತು, ಮಗಳು ಪುಸ್ತಕ ತಗೊಂಡು ಮಿಕ್ಕಿದ್ದು ತಾನೇ ಓದಿದ್ಲು. ಮಗ ನಂಗೆ ಒತ್ಕೊಂಡು ಕೂತಿದ್ದ. ಅವನಿಗೂ ಆಗ ಎಂಟೂವರೆ.

ಕೊನೇದು 'ದಿ ಲಾಸ್ಟ್ ಬ್ಯಾಟಲ್'. ಬ್ರಿಟನ್ನಿನಲ್ಲಿ ಮಕ್ಕಳ ಪುಸ್ತಕಕ್ಕೆ ಕೊಡೋ ಕಾರ್ನೆಗಿ ಮೆಡಲ್ ಆ ವರ್ಷ ಬಂದಿದ್ದು ಇದಕ್ಕೇ, ಆದ್ರೆ ನಮ್ಮನೇಲಿ ಅತಿ ಹೆಚ್ಚು ಗಲಾಟೆ ಆಗಿದ್ದೂ ಇದ್ರಿಂದ್ಲೇ. ಸಣ್ಣ ಮಕ್ಕಳಿದ್ರೆ ಮುಂಚೆ ನೀವೊಬ್ರೇ ಓದ್ಕೊಳ್ಳಿ. ನಾರ್ನಿಯಾನೇ ಮುಗಿದುಹೋಗತ್ತೆ, ಅಷ್ಟೇ ಅಲ್ಲ ಈ ಕಡೆ ಲೋಕದಲ್ಲಿ ರೈಲು ಅಪಘಾತ ಆಗಿ ನಾವು ಇಷ್ಟು ದಿನ ಪ್ರೀತಿಸಿದ ಮಕ್ಕಳೆಲ್ಲಾ ಹೋಗಿಬಿಟ್ಟಿರ್ತಾರೆ, ಅದೇ ಅವ್ರಿಗೆ ಸುಖಾಂತ್ಯ ಅಂತ ಲೂಯಿಸ್ ಹೇಳ್ತಾರೆ. ಅವ್ರ ಕ್ರಿಶ್ಚಿಯನ್ ನಂಬಿಕೆ ಇಡೀ ಸರಣಿಯಲ್ಲಿ ಕಥೆ ಕೆಳಗೆ ಹರೀತಿರತ್ತೆ, ಆಸ್ಲಾನ್ ಎಡ್ಮಂಡ್ ಬದಲು ಸತ್ತು ಮತ್ತೆ ಏಳೋದೂ ಅದೇ, ಅದು ಗೊತ್ತಿಲ್ದೇ ಓದಿದ್ರೂ ಕಥೆಗೇನೂ ಕಮ್ಮಿಯಾಗಲ್ಲ, ಇಲ್ಲಿ ಮಾತ್ರ ಅದು ಮೇಲಕ್ಕೇ ಬಂದುಬಿಡತ್ತೆ. ಆದ್ರೆ ಮಗಳಿಗೆ ಸಿಟ್ಟು ಬಂದಿದ್ದು ಸಾವಿಗಲ್ಲ, ಸೂಸನ್‌ಗೆ. ಅವಳೊಬ್ಳು ಅಲ್ಲಿಗೆ ಬರಲ್ಲ, ಯಾಕಂದ್ರೆ ಅವಳಿಗೀಗ ಲಿಪ್‌ಸ್ಟಿಕ್ಕು, ನೈಲಾನ್ ಕಾಲುಚೀಲ, ಪಾರ್ಟಿ ಇವೇ ಮುಖ್ಯ, ನಾರ್ನಿಯಾ ಎಲ್ಲಾ ಚಿಕ್ಕಂದಿನ ಆಟ ಅಂತಾಳೆ ಅಂತ ಒಂದೆರಡು ಮಾತಲ್ಲಿ ಮುಗಿಸಿಬಿಡ್ತಾರೆ. "ಅಮ್ಮ ಅಪ್ಪ ಅಣ್ಣ ತಮ್ಮ ತಂಗಿ ಎಲ್ಲಾ ಒಂದೇ ದಿನ ಸತ್ತೋದ್ರು, ಅವಳೊಬ್ಳೇ ಉಳಿದ್ಲು, ಅವಳ ಬಗ್ಗೆ ಯಾರೂ ಒಂದು ಮಾತೂ ಕೇಳಲ್ವಾ" ಅಂತ ಮಗಳು ಅತ್ತಿದ್ದು ನೋಡಿ ನಾವ್ಯಾರೂ ಸಮಾಧಾನ ಹೇಳೋಕೆ ಹೋಗ್ಲಿಲ್ಲ, ಅವ್ಳು ಹೇಳಿದ್ದು ಸರಿಯಾಗೇ ಇತ್ತು. ಅತ್ತೆ ಮಾತ್ರ ಅವಳ ತಲೆ ಸವರ್ತಾ "ಅವಳು ಬದುಕಿದಾಳಲ್ಲ ಪುಟ್ಟಿ, ಇನ್ನೂ ಟೈಮಿದೆ" ಅಂದ್ರು.

ಸಿನಿಮಾ ಮೂರು ಬಂದಿವೆ, 2005, 2008, 2010. ಪುಸ್ತಕ ಮುಗಿಸಿ ಆಮೇಲೆ ಆ ಪುಸ್ತಕದ ಸಿನಿಮಾ ಅಂತ ರೂಲ್ ಮಾಡಿದ್ವಿ. ಮೊದಲ್ನೇದು ಚೆನ್ನಾಗಿದೆ, ಟಿಲ್ಡಾ ಸ್ವಿಂಟನ್ ಮಾಟಗಾತಿ ನೋಡಿ ಮಗ ಅಪ್ಪನ ಬೆನ್ನ ಹಿಂದೆ ಸೇರ್ಕೊಂಡ. ಪುಸ್ತಕದಲ್ಲಿ ಎರಡು ಮೂರು ಪುಟಕ್ಕೆ ಮುಗಿಯೋ ಯುದ್ಧವನ್ನ ಸಿನಿಮಾದಲ್ಲಿ ಎಳೆದೂ ಎಳೆದೂ ತೋರ್ಸಿದಾರೆ, ಮಗನಿಗೆ ಅದೇ ಇಷ್ಟ, ನಂಗೆ ಅಲ್ಲ. ಮಿಕ್ಕಿದ ಎರಡು ನೋಡಿದ್ರೂ ಆಯ್ತು, ಬಿಟ್ರೂ ಆಯ್ತು.

ಸ್ಟಾರ್ ಕೊಡು ಅಂದ್ರೆ ಐದಕ್ಕೆ ನಾಲ್ಕೂವರೆ. ಅರ್ಧ ಕಟ್ ಮಾಡಿದ್ದು ಸೂಸನ್ ಸಲುವಾಗಿ, ಮಗಳು ಇಡೀ ಒಂದು ಕಟ್ ಮಾಡು ಅಂತಿದ್ಲು. ಏಳೆಂಟು ವರ್ಷದ ಮೇಲಿನ ಮಕ್ಕಳಿದ್ರೆ ಶುರು ಮಾಡ್ಬೋದು, ಒಂದೇ ಕಂಡೀಷನ್ ಏನಂದ್ರೆ ದೊಡ್ಡೋರು ಓದ್ಬೇಕು, ಮಕ್ಕಳ ಕೈಗೆ ಕೊಟ್ಟು ನೀವು ಫೋನ್ ನೋಡ್ತಾ ಕೂತ್ರೆ ಇದು ಇನ್ನೊಂದು ಬಾಕ್ಸ್ ಸೆಟ್ ಅಷ್ಟೇ.

ಈಗ ಎರಡನೇ ರೌಂಡ್ ಶುರು ಮಾಡೋ ಮಾತುಕತೆ ನಡೀತಿದೆ. ಈ ಸಲ ನನ್ ಆರ್ಡರ್, ಬರೆದವ್ರೇ ನನ್ ಕಡೆ ಇದಾರೆ ಅಂತ ಮಗ ದಿನಾ ಪುಸ್ತಕಗಳನ್ನ ನಂಬರ್ ಪ್ರಕಾರ ಜೋಡಿಸಿಡ್ತಾನೆ, ಅವ್ನು ಸ್ಕೂಲಿಗೆ ಹೋದ್ಮೇಲೆ ನಾನು ತೆಗೆದು ನನ್ ಪ್ರಕಾರ ಇಡ್ತೀನಿ. ನಿನ್ನೆ ಅತ್ತೇನೇ ಕೇಳ್ದ, ಅಜ್ಜಿ ನೀನ್ ಹೇಳು ಯಾವ್ದು ಮೊದ್ಲು ಅಂತ. ಅತ್ತೆ ಕನ್ನಡಕ ಹುಡುಕ್ತಾ "ನಂಬರ್ ಗಿಂಬರ್ ನಂಗೊತ್ತಿಲ್ಲಪ್ಪ, ಆ ಕೊಡೆಯವನು ಇರೋದು ಯಾವ್ದೋ ಅದನ್ನ ತೆಗಿ" ಅಂದ್ರು.